ಪಾಳು ಅರಮನೆಯ ಅಂಗಳಕ್ಕೆ ಜೆಸಿಬಿ ಇಳಿಯುವ ಮುನ್ನ

ಪಾಳುಬಿದ್ದ ಅರಮನೆ ಎಂದ ಕೂಡಲೇ ಎಲ್ಲರ ಕಣ್ಣು ನಿಂತಿರುವ ಕಲ್ಲಿನ ಕಡೆಗೆ ಹೋಗುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೋಟೆಗಳಲ್ಲಿ ಇಷ್ಟನ್ನೇ ನಂಬಿದರೆ ಕೆಟ್ಟೆವು. ಇಲ್ಲಿ ಕೋಟೆಗೋಡೆ ಕಲ್ಲಿನದು, ಬುರುಜು ಕಲ್ಲಿನದು. ಒಳಗಿನ ವಾಸದ ಕಟ್ಟಡಗಳು ಬಹುಮಟ್ಟಿಗೆ ಮಣ್ಣು, ಮರ, ಇಟ್ಟಿಗೆ, ಸುಣ್ಣದವು. ಮರ ಗೆದ್ದಲ ಪಾಲಾಯಿತು, ದಿಂಡುಗಲ್ಲು ಊರಿನ ಮನೆಗಳ ಪಾಯ ಸೇರಿತು, ಮಣ್ಣಿನ ಗೋಡೆ ಮಳೆಗೆ ಕರಗಿ ಇದ್ದಲ್ಲೇ ಕೂತಿತು. ಹಾಗೆ ಕೂತ ಮಣ್ಣೇ ಈಗ ನಮಗೆ ಉಳಿದಿರುವ ಅರಮನೆ. ಅಂಥ ಜಾಗದಲ್ಲಿ ನೆಲ ಅಗೆಯುವ ಯಾವ ಕಾಮಗಾರಿಗೂ ಮಣ್ಣು ಓದಬಲ್ಲ ಒಬ್ಬರು ಮೊದಲ ಬಕೆಟ್ಟಿನಿಂದ ಕೊನೆಯ ಬಕೆಟ್ಟಿನವರೆಗೂ ನಿಂತು ನೋಡಬೇಕು. ಆ ನಿಗಾ ಕೆಲಸ ಹೇಗೆ ನಡೆಯಬೇಕು, ಎಲ್ಲಿ ಕೆಡುತ್ತದೆ ಎನ್ನುವುದಷ್ಟೇ ಈ ಬರಹ.

ಉದಾಹರಣೆಗೆ ಶಿರಾ ತೆಗೆದುಕೊಳ್ಳಿ. ರತ್ನಗಿರಿಯ ರಂಗಪ್ಪ ನಾಯಕ ಶುರುಮಾಡಿದ ಕೋಟೆ ಮುಗಿಯುವ ಮೊದಲೇ ಬಿಜಾಪುರದವರ ಕೈಸೇರಿತು. 1687ರಲ್ಲಿ ಮೊಗಲರು ಬಂದು ಅದನ್ನು ಒಂದು ಸುಬೆಯ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿಕೊಂಡರು. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಅಲ್ಲಿ ಮೊಗಲ್ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಗಿತ್ತೆಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಎಬ್ಬಿಸಿಕೊಂಡು ಹೋದ ವಿಷಯವೂ ಅಲ್ಲೇ ಇದೆ. ಬೆಂಗಳೂರಿನ ಕೋಟೆಯೊಳಗೆ 1791ರಲ್ಲಿ ಮುಗಿದ ಬೇಸಿಗೆ ಅರಮನೆ ಈಗಲೂ ನಿಂತಿದೆ. ಕಲ್ಲಿನ ಪೀಠ, ಅದರ ಮೇಲೆ ತೇಗದ ಕಂಬ. ಇಂಥದ್ದೇ ಕಟ್ಟಡ ಬಿದ್ದು ಎರಡು ಶತಮಾನ ಕಳೆದರೆ ನೆಲದಲ್ಲಿ ಏನುಳಿಯುತ್ತದೆ? ಸಾಲಾಗಿ ಕೆಲವು ಪೀಠದ ಕಲ್ಲು, ಅವುಗಳ ನಡುವೆ ಎರಡು ಮೂರು ಸೆಂಟಿಮೀಟರ್ ದಪ್ಪದ ಗಾರೆ ನೆಲ, ಮೇಲೆ ಒಂದಡಿಯಿಂದ ಎರಡಡಿ ಕರಗಿದ ಗೋಡೆಮಣ್ಣು. ಇಷ್ಟೇ.

ಈಗ ಇದರ ಮೇಲೆ ಬರುವ ಕಾಮಗಾರಿಗಳನ್ನು ನೋಡಿ. ದೊಡ್ಡ ಕಟ್ಟಡ ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ, ತಕರಾರು ಏಳುತ್ತದೆ. ಅಪಾಯ ಇರುವುದು ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಕೆಲಸಗಳಲ್ಲಿ. ದೀಪದ ಕೇಬಲ್‌ಗೆ 75 ಸೆಂ.ಮೀ. ಆಳದ ಟ್ರೆಂಚು, ಕುಡಿಯುವ ನೀರಿನ ಪೈಪಿಗೆ ಸುಮಾರು ಒಂದು ಮೀಟರು, ತಂತಿಬೇಲಿಯ ಕಂಬಕ್ಕೆ ಎರಡಡಿ ಗುಂಡಿ, ನಾಮಫಲಕಕ್ಕೆ ನಾಲ್ಕು ಗುಂಡಿ, ಇಂಟರ್‌ಲಾಕ್ ಟೈಲ್ಸ್ ಹಾಸಲು ಒಂದಡಿ ಕೆರೆತ, ಸಿಡಿಲು ತಡೆಯುವ ಕಂಬಕ್ಕೆ ಅರ್ಥಿಂಗ್ ಗುಂಡಿ, ಶೌಚಾಲಯದ ಪಿಟ್ಟು. ಗಾರೆ ನೆಲ ಇರುವುದು ಈ ಆಳದೊಳಗೇ. ಬಳ್ಳಾರಿ ಜಾಲಿ ಕೀಳುವುದೂ ಈ ಪಟ್ಟಿಗೆ ಸೇರಬೇಕು. ಜೆಸಿಬಿ ಕೊಕ್ಕೆ ಹಾಕಿ ಒಂದು ಬುಡ ಎಬ್ಬಿಸಿದರೆ ಸುತ್ತಲಿನ ಪದರಗಳೆಲ್ಲ ಬೇರಿನ ಜೊತೆ ಮೇಲೆದ್ದು ಕಲಸಿಹೋಗುತ್ತವೆ. ಜಾಲಿಯನ್ನು ನೆಲಮಟ್ಟಕ್ಕೆ ಕೊಯ್ದು, ಚಿಗುರಿದಂತೆಲ್ಲ ಸವರುತ್ತಾ ಸಾಯಿಸಬೇಕು. ಕೆಲಸ ನಿಧಾನ, ಆದರೆ ಕೋಟೆಯೊಳಗೆ ಬೇರೆ ದಾರಿ ಇಲ್ಲ.

ಕಾನೂನು ಚುಟುಕಾಗಿ: ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಇದು ಕಾಯ್ದೆಯ ಒಳಗೇ ಸೇರಿದೆ. ರಾಜ್ಯ ಸಂರಕ್ಷಿತವಾದರೆ ಕರ್ನಾಟಕದ 1961ರ ಕಾಯ್ದೆ. ಎರಡೂ ಅಲ್ಲದ ಪಾಳೇಗಾರರ ಕೋಟೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಲ್ಲಿ ಪಂಚಾಯಿತಿಯ ಒಳ್ಳೆಯ ಮನಸ್ಸೇ ಕಾವಲು.

ಅನುಮತಿ ಪತ್ರದಲ್ಲಿ "ಇಲಾಖೆಯ ಮೇಲ್ವಿಚಾರಣೆಯಲ್ಲಿ" ಎಂಬ ಒಂದು ಸಾಲು ಇದ್ದರೆ ಸಾಲದು, ಅದು ಟೆಂಡರಿನೊಳಗೆ ಇಳಿಯಬೇಕು. ಕಾರಣ ಸರಳ. ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಕಂಟ್ರಾಕ್ಟರಿಗೆ ಬಿಲ್ಲು ಮೀಟರ್ ಲೆಕ್ಕದಲ್ಲಿ. ನಿಲ್ಲಿಸಿ ಎಂದ ಪ್ರತಿ ನಿಮಿಷವೂ ಅವನ ಜೇಬಿನಿಂದ ಹೋಗುತ್ತದೆ. ಅವನು ಮುಖ ಗಂಟಿಕ್ಕಿದರೆ ತಪ್ಪು ಅವನದಲ್ಲ, ಕರಾರಿನದು. ನಿಂತ ಗಂಟೆಗೆ ಎಷ್ಟು ಕೊಡಬೇಕು, ನಿಲ್ಲಿಸುವ ಅಧಿಕಾರ ಯಾರದು, ಒಂದು ಕಡೆ ನಿಂತಾಗ ಯಂತ್ರ ಹೋಗಿ ದುಡಿಯಲು ಎರಡನೇ ಜಾಗ ಎಲ್ಲಿ ಎಂಬ ಮೂರನ್ನು ಮೊದಲೇ ಬರೆದಿಟ್ಟರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಅಗೆಯುವ ಮೊದಲು ಗ್ರಾಮನಕ್ಷೆ, ಹಳೆಯ ಸರ್ವೆ ನಕ್ಷೆ, ಉಪಗ್ರಹ ಚಿತ್ರ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಆಯಾ ಜಿಲ್ಲೆಯ ಸಂಪುಟ ಇಷ್ಟನ್ನು ಒಟ್ಟಿಗೆ ಹರಡಿಕೊಂಡು ಕೂರಬೇಕು. ಹಳೆಯ ಸರಣಿಯಲ್ಲಿ ಕೋಲಾರಕ್ಕೆ 10ನೇ ಸಂಪುಟ, ತುಮಕೂರಿಗೆ 12. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಗುಡಿಬಂಡೆ, ಬಾಗೇಪಲ್ಲಿಯ ಶಾಸನಗಳನ್ನು ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಆಮೇಲೆ ಕೋಟೆಯೊಳಗೆ ದನ ಮೇಯಿಸುವವರನ್ನು ಮಾತಾಡಿಸಬೇಕು. ಯಾವ ಜಾಗದಲ್ಲಿ ಹುಲ್ಲು ಬೇಗ ಒಣಗುತ್ತದೆ, ಎಲ್ಲಿ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಗಾರೆ ನೆಲದ ಮೇಲೆ ಮಣ್ಣು ತೆಳು, ಹುಲ್ಲು ಮೊದಲು ಒಣಗುತ್ತದೆ. ಟೊಳ್ಳು ಸದ್ದು ಬಂದಲ್ಲಿ ಹಗೇವು, ಅಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಕಣಜ, ಇರಬಹುದು.

ಯಂತ್ರದ ವಿಷಯದಲ್ಲಿ ಒಂದೇ ಹಟ: ಹಲ್ಲಿಲ್ಲದ ಬಕೆಟ್ಟು. ಹಲ್ಲಿನ ಬಕೆಟ್ಟು ನೆಲವನ್ನು ಗೀರಿ ಗೀರಿ ಉಳುತ್ತದೆ, ಬಣ್ಣದ ವ್ಯತ್ಯಾಸ ಯಾವುದೂ ಕಾಣುವುದಿಲ್ಲ. ಅಂಚು ಸಪಾಟಾದ ಬಕೆಟ್ಟು ಸಿಗದಿದ್ದರೆ ಹಲ್ಲುಗಳ ಮೇಲೆ ಉದ್ದಕ್ಕೂ ಒಂದು ದಪ್ಪ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿಕೊಂಡು ಬರಲು ಹೇಳಬೇಕು. ಯಾವುದೇ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ ಅದು. ಒಂದೇಟಿಗೆ 5ರಿಂದ 10 ಸೆಂ.ಮೀ. ಮಾತ್ರ ತೆಗೆಯಬೇಕು. ಡ್ರೈವರು ರೂಢಿಯಂತೆ ಒಂದೇ ಸಲ ಒಂದಡಿ ಎತ್ತಿದರೆ ಮೂರು ಸೆಂಟಿಮೀಟರಿನ ಗಾರೆ ನೆಲ ಅದರೊಳಗೆ ಪುಡಿಯಾಗಿ ಹೋಗಿರುತ್ತದೆ, ನೋಡಲು ನಿಂತವರಿಗೂ ಬರೀ ಬೆಳ್ಳಗಿನ ಚೂರು ಕಾಣುತ್ತದೆ. ಯಂತ್ರ ಹಿಂದಕ್ಕೆ ಸರಿಯುತ್ತಾ ಅಗೆಯಬೇಕು. ಅಗೆದ ಮೈಮೇಲೆ ಟೈರು ಹತ್ತಬಾರದು. ನೋಡುವವರು ತೋಳು ತಿರುಗುವ ಸುತ್ತಳತೆಯ ಹೊರಗೆ, ಡ್ರೈವರಿನ ಕಣ್ಣಿಗೆ ನೇರ ಕಾಣುವ ಕಡೆ ನಿಲ್ಲಬೇಕು. ಬೆಳಿಗ್ಗೆಯೇ ಡ್ರೈವರಿಗೆ, "ಅಣ್ಣಾ, ನಾನು ಕೈ ಎತ್ತಿದ್ರೆ ಬಕೆಟ್ಟು ಗಾಳೀಲೇ ನಿಲ್ಲಲಿ, ಕೆಳಗಿಳಿಸಬೇಡಿ" ಎಂದು ಹೇಳಿ, ಒಮ್ಮೆ ಮಾಡಿ ತೋರಿಸಿಕೊಳ್ಳಬೇಕು. ಅನುಭವಿ ಡ್ರೈವರಿಗೆ ಮಣ್ಣಿನ ಬಿಗಿ ಬದಲಾದದ್ದು ಲಿವರಿನಲ್ಲೇ ತಿಳಿಯುತ್ತದೆ. ಅವರು "ಇಲ್ಲಿ ಏನೋ ಗಟ್ಟಿ ಐತೆ" ಎಂದರೆ ತಕ್ಷಣ ಇಳಿದು ನೋಡುವುದು ಲಾಭ. ಪೀಠದ ಕಲ್ಲು, ಇಟ್ಟಿಗೆ ಸಾಲು, ಗಾರೆ ಯಾವುದು ಕಂಡರೂ ಅಲ್ಲಿಂದ ಮುಂದೆ ಸಲಿಕೆ, ಕರಣೆ, ಕುಂಚ.

ಇನ್ನು ಮಣ್ಣು ಓದುವ ವಿಷಯ. ಟ್ರೆಂಚಿನ ಮಗ್ಗುಲನ್ನು ಕರಣೆಯಿಂದ ನೇರವಾಗಿ ಹೆರೆದು ಸ್ವಚ್ಛ ಮಾಡಿದರೆ ಪದರಗಳು ಕಾಣುತ್ತವೆ. ನಮ್ಮ ಕಡೆಯ ಅರಮನೆ ಅಂಗಳದಲ್ಲಿ 40 ಸೆಂ.ಮೀ. ಅಗಲ, 75 ಸೆಂ.ಮೀ. ಆಳದ ಕೇಬಲ್ ಟ್ರೆಂಚಿನ ಮಗ್ಗುಲು ಹೆಚ್ಚುಕಡಿಮೆ ಹೀಗಿರುತ್ತದೆ ಎಂದುಕೊಳ್ಳಿ. ಮೇಲಿನ 10-12 ಸೆಂ.ಮೀ. ಬೂದುಗಪ್ಪು ಮಣ್ಣು, ಪ್ಲಾಸ್ಟಿಕ್, ಗುಟ್ಕಾ ಚೀಟಿ, ಬೇರು. ಅದರ ಕೆಳಗೆ 30ರವರೆಗೆ ನಾಡಹೆಂಚಿನ ಚೂರು ಬೆರೆತ ಕಂದು ಮಣ್ಣು. ಇದು ಚಾವಣಿ ಕುಸಿದ ಮೇಲೆ ಹರಿದು ಬಂದದ್ದು. 30ರಿಂದ 55ರವರೆಗೆ ಒಂದೇ ಬಣ್ಣದ, ಕಲ್ಲುಹರಳು ಕಡಿಮೆ ಇರುವ ಬಿಗಿಯಾದ ಕೆಂಪು ಮಣ್ಣು. ಒಡೆದು ನೋಡಿದರೆ ಹುಲ್ಲು ಕೊಳೆತು ಹೋದ ಸಣ್ಣ ಸಣ್ಣ ತೂತುಗಳು. ಹೊಸಬರು ಇದನ್ನೇ ತಾಯಿಮಣ್ಣು, ಅಂದರೆ ಮನುಷ್ಯ ಮುಟ್ಟದ ಮೂಲ ಮಣ್ಣು, ಎಂದುಕೊಂಡು "ಇಲ್ಲಿ ಏನೂ ಇಲ್ಲ" ಎಂದು ಬರೆದು ಎದ್ದುಬಿಡುತ್ತಾರೆ. ಈ ಕೆಲಸದಲ್ಲಿ ಇದಕ್ಕಿಂತ ದುಬಾರಿ ತಪ್ಪಿಲ್ಲ. ಇನ್ನೂ ಕೆಳಗೆ, 55ರ ಹತ್ತಿರ ಮಜ್ಜಿಗೆ ಬಣ್ಣದ ತೆಳು ಗೆರೆ. ಅದೇ ನೆಲ. ಅದರಡಿ ಗಿಡಿದು ಕೂರಿಸಿದ ಗರಸು, ಅದರಡಿ ನಿಜವಾದ ತಾಯಿಮಣ್ಣು.

ಬಿಳಿ ಗೆರೆ ಕಂಡ ಮಾತ್ರಕ್ಕೆ ನೆಲ ಎನ್ನಲಾಗದು. ಟ್ರೆಂಚಿನ ಎರಡೂ ಮಗ್ಗುಲಲ್ಲಿ ಒಂದೇ ಮಟ್ಟದಲ್ಲಿದೆಯೇ ನೋಡಬೇಕು. 40 ಸೆಂ.ಮೀ. ಅಗಲದಲ್ಲೇ ಐದಾರು ಸೆಂ.ಮೀ. ಓರೆಯಾದರೆ ಅದು ಗುಡ್ಡೆ ಹಾಕಿದ ಸುಣ್ಣದ ಕಸ ಇರಬಹುದು. ಆಮೇಲೆ ಗೆರೆಯನ್ನು ಹಿಡಿದುಕೊಂಡು ಉದ್ದಕ್ಕೆ ನಡೆಯಬೇಕು. ಸಮನಾಗಿ ಬರುತ್ತಿದ್ದ ಗೆರೆ ಒಂದು ಕಡೆ ಕತ್ತರಿಸಿದಂತೆ ನಿಂತು, 60-90 ಸೆಂ.ಮೀ. ಆದ ಮೇಲೆ ಮತ್ತೆ ಅದೇ ಮಟ್ಟದಲ್ಲಿ ಶುರುವಾದರೆ, ನಡುವಿನ ಆ ಖಾಲಿ ಜಾಗವೇ ಗೋಡೆ. ಅಲ್ಲಿ ಒಂದು ಕಲ್ಲೂ ಕಾಣದಿದ್ದರೂ ಅದು ಗೋಡೆಯೇ. ಮಣ್ಣಿನ ಗೋಡೆಯಾದರೆ ಆ ಜಾಗದ ಮಣ್ಣು ಅಕ್ಕಪಕ್ಕದ ಕರಗಿದ ಮಣ್ಣಿಗಿಂತ ಬಿಗಿ, ಅಂಚು ನೆಟ್ಟಗೆ, ಕೆಲವೊಮ್ಮೆ ಅಂಚಿನಲ್ಲಿ ಸುಣ್ಣದ ಗಿಲಾವಿನ ಎಳೆ. ಕಲ್ಲಿನ ಗೋಡೆಯಿದ್ದು ಕಲ್ಲನ್ನು ಯಾರೋ ಎತ್ತಿಕೊಂಡು ಹೋಗಿದ್ದರೆ ಅಲ್ಲಿ ಸಡಿಲ ಮಣ್ಣು, ಗಾರೆಯ ಹುಡಿ, ಚಕ್ಕೆ ಕಲ್ಲು, ಇಟ್ಟಿಗೆ ಚೂರು ತುಂಬಿರುತ್ತದೆ. ದಾಖಲೆಯಲ್ಲಿ ಕಲ್ಲು ಎತ್ತಿದ ಕುಣಿಗೂ ಪ್ರತ್ಯೇಕ ನಂಬರು, ಅದರೊಳಗೆ ತುಂಬಿದ ಮಣ್ಣಿಗೂ ಪ್ರತ್ಯೇಕ ನಂಬರು ಕೊಡಬೇಕು. ಎರಡನ್ನೂ ಒಂದೇ ಎಂದು ಬರೆದರೆ ಗೋಡೆಯ ಕಾಲ ಮತ್ತು ಕಲ್ಲು ಕದ್ದ ಕಾಲ ಕಲಸಿಹೋಗುತ್ತವೆ.

ಬೇಸಿಗೆಯಲ್ಲಿ ಕೆಮ್ಮಣ್ಣು ಒಣಗಿ ಎಲ್ಲ ಪದರವೂ ಒಂದೇ ಬಣ್ಣವಾಗುತ್ತದೆ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಕ್ಯಾನು ಒಂದು ಹೊಸದು ತಂದು, ಬರೀ ನೀರು ತುಂಬಿ ಮಂಜಿನಂತೆ ಸಿಂಪಡಿಸಿ ಕಾಯಬೇಕು. ಬಿಗಿ ಮಣ್ಣು ತಡವಾಗಿ ಆರುತ್ತದೆ, ಸಡಿಲ ಮಣ್ಣು ಬೇಗ ಆರುತ್ತದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಗೋಡೆಯ ಅಂಚು ತಾನಾಗಿ ಮೂಡುತ್ತದೆ. ಆ ಹೊತ್ತಿನಲ್ಲೇ ಕರಣೆಯ ತುದಿಯಿಂದ ಗೆರೆ ಎಳೆದು ಫೋಟೋ ತೆಗೆದುಕೊಳ್ಳಬೇಕು, ಪೂರ್ತಿ ಆರಿದ ಮೇಲೆ ಮತ್ತೆ ಕಾಣದು. ಹಿಂಗಾರು ಮುಗಿದು ನೆಲದಲ್ಲಿ ಇನ್ನೂ ತೇವ ಇರುವ ಡಿಸೆಂಬರು, ಜನವರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಬಿಲ್ಲು ಮುಗಿಸುವ ಅವಸರಕ್ಕೆ ಕಾಮಗಾರಿಯನ್ನು ಮಾರ್ಚಿಗೆ ತಂದು ನಿಲ್ಲಿಸುವುದು ಎಲ್ಲ ರೀತಿಯಲ್ಲೂ ಕೆಟ್ಟದ್ದು.

ಸುಣ್ಣ ಹೌದೋ ಅಲ್ಲವೋ ನೋಡಲು ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಆದರೆ ಶಿರಾ, ಪಾವಗಡದಂಥ ಒಣ ಸೀಮೆಯಲ್ಲಿ ನೆಲದೊಳಗೆ ತಾನಾಗಿ ಬೆಳೆದ ಸುಣ್ಣದ ಹರಳೂ ಅಷ್ಟೇ ನೊರೆ ಬಿಡುತ್ತದೆ. ಹಾಗಾಗಿ ನೊರೆಯನ್ನಷ್ಟೇ ನಂಬಬಾರದು. ಮುರಿದು ನೋಡಿ, ಒಳಗೆ ಮರಳು ಕಣ, ಇಟ್ಟಿಗೆ ಪುಡಿಯ ಕೆಂಪು ಚುಕ್ಕೆ ಇದ್ದರೆ ಅದು ಮನುಷ್ಯ ಕಲಸಿದ ಗಾರೆ.

ಹಗೇವು ಮತ್ತು ಬಾವಿಗಳ ಬಗ್ಗೆ ತುಸು ಹೆಚ್ಚೇ ಹೇಳಬೇಕು, ಇಲ್ಲಿ ಜೀವಕ್ಕೇ ಅಪಾಯ. ಧಾನ್ಯದ ಹಗೇವಿಗೆ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ಅಗಲ. ಬಾಯಿಗೆ ಮುಚ್ಚಿದ ಚಪ್ಪಡಿಯ ಮೇಲೆ ಮಣ್ಣು ಕೂತಿದ್ದರೆ ಮೇಲಿಂದ ಏನೂ ತಿಳಿಯುವುದಿಲ್ಲ. ಯಂತ್ರದ ಚಕ್ರ ಅದರ ಮೇಲೆ ಬಂದರೆ ಕುಸಿಯುತ್ತದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ. ಹಿಂದಿನವರು ದೀಪ ಇಳಿಸಿ ನೋಡುತ್ತಿದ್ದರು. ಕೋಟೆಯೊಳಗೆ ಆ ಪದ್ಧತಿ ಬೇಡ. ಅದು ಧಾನ್ಯದ ಹಗೇವೋ ಸಿಡಿಮದ್ದಿನ ಗುಂಡಿಯೋ ಗೊತ್ತಿರುವುದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಒಂದು ಹಾಳು ಬಾವಿಯೊಳಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಗ್ಯಾಸ್ ಮೀಟರ್ ಬಾಡಿಗೆಗೆ ತಂದು, ಹಗ್ಗಕ್ಕೆ ಕಟ್ಟಿ ಇಳಿಸಿ ನೋಡುವುದೊಂದೇ ಸರಿ. ಇದೇ ಕಾರಣಕ್ಕೆ ಕೋಟೆ ಬಾವಿ, ಕಲ್ಯಾಣಿಯ ಹೂಳೆತ್ತುವುದನ್ನು ಬರೀ ಸ್ವಚ್ಛತೆಯ ಕೆಲಸ ಎಂದು ಬಿಡಬಾರದು. ಹೂಳನ್ನು ಆಳದ ಲೆಕ್ಕದಲ್ಲಿ ಬೇರೆ ಬೇರೆ ಗುಡ್ಡೆ ಹಾಕಿಸಿ, ಒಂದೊಂದು ಗುಡ್ಡೆಯಿಂದ ಹತ್ತು ಬಾಂಡ್ಲಿಯಾದರೂ ಜರಡಿ ಹಿಡಿಯಬೇಕು.

ಟ್ರೆಂಚು 1.5 ಮೀಟರಿಗಿಂತ ಆಳವಾದರೆ ಆಸರೆ ಕೊಡದೆ ಅಥವಾ ಮಗ್ಗುಲನ್ನು ಇಳಿಜಾರು ಮಾಡದೆ ಒಳಗಿಳಿಯಬಾರದು. ತೆಗೆದ ಮಣ್ಣನ್ನು ಅಂಚಿಗೆ ತಾಗಿಸಿ ಸುರಿಸಬಾರದು, 1.5 ಮೀಟರ್ ದೂರ ಇರಲಿ. ಕರಗಿದ ಗೋಡೆಮಣ್ಣು ಒಣಗಿದ್ದಾಗ ಬಂಡೆಯಂತೆ ನಿಲ್ಲುತ್ತದೆ, ಒಂದು ಮಳೆ ಬಿದ್ದರೆ ಹೇಳದೆ ಕೇಳದೆ ಕುಸಿಯುತ್ತದೆ.

ಸಿಗುವ ವಸ್ತುಗಳಲ್ಲಿ ಹೆಚ್ಚಿನವು ಹೆಂಚು, ಮಡಕೆ, ಗಾಜಿನ ಬಳೆ ಚೂರು, ಕಬ್ಬಿಣದ ಮೊಳೆ. ಅಪರೂಪಕ್ಕೆ ನೀಲಿ-ಬಿಳಿ ಪಿಂಗಾಣಿ, ಸೀಸದ ಗುಂಡು, ತಾಮ್ರದ ಕಾಸು. ಹೆಂಚು ರಾಶಿಯಾಗಿ ಬಂದರೆ ಪದರದ ಲೆಕ್ಕದಲ್ಲಿ ಎಣಿಸಿ, ತೂಗಿ, ಮಾದರಿ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಬಿಡಬಹುದು. ಕಾಸನ್ನು ಉಜ್ಜಬಾರದು, ಹುಣಸೆಹಣ್ಣು ಹಚ್ಚಲೇಬಾರದು. ಮೇಲಿನ ಅಕ್ಷರವೆಲ್ಲ ತೊಳೆದುಹೋಗುತ್ತದೆ. ಆನೆಯ ಚಿತ್ರದ ತಾಮ್ರದ ಕಾಸು ಟಿಪ್ಪುವಿನದಾದರೆ ಇಸವಿ ಓದುವಾಗ ಎಚ್ಚರ ಬೇಕು. 1787ರಿಂದ ಅವನ ನಾಣ್ಯಗಳಲ್ಲಿ ಅವನೇ ಜಾರಿಗೆ ತಂದ ಮೌಲೂದಿ ಶಕೆಯ ಇಸವಿ, ಅದರ ಅಂಕಿಗಳು ಬಲದಿಂದ ಎಡಕ್ಕೆ. 1215 ಎಂಬುದು 5121 ಎಂದು ಕಾಣುತ್ತದೆ. ಅಂಥ ಒಂದು ಕಾಸು ಒಡೆಯದ ಗಾರೆ ನೆಲದ ಕೆಳಗೆ ಸಿಕ್ಕರೆ ಆ ನೆಲ 1787ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದೇ ಕಾಸು ತೆಗೆದು ಹಾಕಿದ ಮಣ್ಣಿನ ಗುಡ್ಡೆಯಲ್ಲಿ ಸಿಕ್ಕರೆ ನೆಲದ ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾವ ಪದರದಿಂದ ಬಂತು ಎಂಬ ಚೀಟಿ ಕಾಸಿಗಿಂತ ಮುಖ್ಯ ಎನ್ನುವುದು ಇದಕ್ಕೇ. ಚೀಟಿ ಪೆನ್ಸಿಲ್‌ನಲ್ಲಿ ಇರಲಿ, ಒಂದು ಚೀಲದ ಒಳಗೆ, ಒಂದು ಹೊರಗೆ. ಶಾಯಿ ಪೆನ್ನಿನ ಬರಹ ತೇವಕ್ಕೆ ಅಳಿಸುತ್ತದೆ.

ಚಿನ್ನ, ಬೆಳ್ಳಿ, ನಾಣ್ಯದ ಗಡಿಗೆ ಬಂದರೆ ಅದು ನಿಧಿ. ಕೆಲಸ ನಿಲ್ಲಿಸಿ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ, ಎಲ್ಲರೆದುರು ಮಹಜರು ಬರೆಸಿ, ಅಂದೇ ಸಾಗಿಸಬೇಕು. ಮೂಳೆ ಮನುಷ್ಯರದೆಂಬ ಅನುಮಾನ ಬಂದರೆ ಪೊಲೀಸರಿಗೆ ಮೊದಲು ತಿಳಿಸಬೇಕು. ಆದರೆ ನಮ್ಮ ಕೋಟೆಗಳ ದೊಡ್ಡ ಪೀಡೆ ನಿಧಿಗಳ್ಳರು. ಹಗಲು ಟ್ರೆಂಚಿನಲ್ಲಿ ನಾಲ್ಕು ಇಟ್ಟಿಗೆ ಕಂಡ ಸುದ್ದಿ ಸಂಜೆಗೆ ಟೀ ಅಂಗಡಿ ತಲುಪಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಆಳುದ್ದ ಗುಂಡಿ ಬಿದ್ದಿರುತ್ತದೆ, ಪಕ್ಕದಲ್ಲಿ ಕುಂಕುಮ, ನಿಂಬೆಹಣ್ಣು. ಅಂದಂದು ತೆರೆದದ್ದನ್ನು ಅಂದಂದೇ ದಾಖಲಿಸಿ ಮುಚ್ಚುವಷ್ಟು ಮಾತ್ರ ತೆರೆಯುವುದು ಒಳ್ಳೆಯದು. ಹಳೆಯ ನಿಧಿಗುಂಡಿಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಮುಂದೆ ಪದರ ಕಲಸಿದ ಜಾಗ ಯಾವುದೆಂದು ಅದರಿಂದಲೇ ತಿಳಿಯುತ್ತದೆ.

ದಾಖಲೆಯಲ್ಲಿ ಕನಿಷ್ಠ ಇರಬೇಕಾದದ್ದು: ನಕ್ಷೆ 1:20ರಲ್ಲಿ, ಮಗ್ಗುಲಿನ ಚಿತ್ರ 1:10ರಲ್ಲಿ, ಪ್ರತಿ ಪದರದ ಬಣ್ಣ, ಬಿಗಿ, ಅದರೊಳಗೆ ಸಿಕ್ಕಿದ್ದು, ಮೇಲೇನು ಕೆಳಗೇನು, ಮತ್ತು ಮಟ್ಟ. ಮಟ್ಟ ಅಳೆಯಲು ಆಧಾರವಾಗಿ ಟಿಕೆಟ್ ಕೌಂಟರಿನ ಜಗಲಿಯಂಥ ಹೊಸ ಕಟ್ಟಡದ ಮೇಲೆ ಬಣ್ಣದ ಗುರುತು ಹಾಕಿಕೊಳ್ಳಬೇಕು, ಹಳೆಯ ಕಲ್ಲಿಗೆ ಉಳಿ ತಾಗಿಸಬಾರದು. ಮೊಬೈಲಿನ ಜಿಪಿಎಸ್ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. 70 ಸೆಂ.ಮೀ. ಗೋಡೆಯನ್ನು ಅದರಿಂದ ಗುರುತಿಸಲು ಹೊರಟರೆ ಗೋಡೆ ಪಕ್ಕದ ಕೋಣೆಗೆ ಹೋಗಿ ಕೂರುತ್ತದೆ. ಎರಡು ಗಟ್ಟಿ ಗುರುತುಗಳಿಂದ ಟೇಪು ಹಿಡಿದು ಅಳೆದರೆ ಸಾಕು. ಫೋಟೋದಲ್ಲಿ ಅರ್ಧ ಬಿಸಿಲು ಅರ್ಧ ನೆರಳು ಬಿದ್ದರೆ ಏನೂ ಕಾಣುವುದಿಲ್ಲ. ಇಬ್ಬರು ಟಾರ್ಪಾಲ್ ಹಿಡಿದು ಪೂರ್ತಿ ನೆರಳು ಮಾಡಿ ತೆಗೆಯಬೇಕು. ಅಳತೆಕೋಲು, ಉತ್ತರದ ಬಾಣ, ನಂಬರಿನ ಸ್ಲೇಟು ಚೌಕಟ್ಟಿನೊಳಗಿರಲಿ. ಏನೂ ಸಿಗದ ಮೀಟರುಗಳನ್ನೂ, ಎಷ್ಟು ಆಳದವರೆಗೆ ನೋಡಿದ್ದು ಎಂಬುದರ ಸಮೇತ ಬರೆಯಬೇಕು. 30 ಸೆಂ.ಮೀ. ಅಗೆದು ಏನೂ ಸಿಗಲಿಲ್ಲ ಎಂಬುದು 55 ಸೆಂ.ಮೀ. ಆಳದ ನೆಲಕ್ಕೆ ಸಾಕ್ಷಿಯಲ್ಲ.

ಮುಚ್ಚುವಾಗ ಗಾರೆ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿ ಇದೆ. ಬೇಡ, ಅದರಡಿ ಬೆವರು ನಿಂತು ಮಣ್ಣು ಮೆತ್ತಗಾಗುತ್ತದೆ. ನೀರು ದಾಟುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ 10-15 ಸೆಂ.ಮೀ. ಜರಡಿ ಹಿಡಿದ ಅದೇ ಮಣ್ಣು ಕೈಯಲ್ಲಿ ತುಂಬಿ, ಆಮೇಲೆ ಉಳಿದದ್ದು. ಸಿಮೆಂಟು ನೇರ ತಾಗಬಾರದು. ಅದುರುವ ರೋಲರು ಹತ್ತಬಾರದು. ಕಂಡ ನೆಲವನ್ನು ಉಳಿಸಿಕೊಳ್ಳಬೇಕೆಂದಿದ್ದರೆ ಕೇಬಲ್ಲನ್ನು ಅದರ ಮೇಲೆಯೇ ಕಬ್ಬಿಣದ ಪೈಪಿನೊಳಗೆ ಎಳೆದು, ಮೇಲೆ ಚಪ್ಪಡಿ ಮುಚ್ಚಿ, ಮಣ್ಣೇರಿಸಿ ದಾಟಿಸಬಹುದು. ಮತ್ತೊಂದು ಮಾತು: ತೆರೆದ ಟ್ರೆಂಚಿನಲ್ಲಿ ಕೇಬಲ್ಲಿನ ಪಕ್ಕಕ್ಕೆ ಒಂದು ಖಾಲಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನೂ, ಒಳಗೊಂದು ನೈಲಾನ್ ಹಗ್ಗವನ್ನೂ ಹಾಕಿಯೇ ಮುಚ್ಚಬೇಕು. ಅದು ಹೋಗಿರುವ ದಾರಿಯ ನಕ್ಷೆ ಗ್ರಾಮ ಪಂಚಾಯಿತಿಯಲ್ಲೊಂದು, ಬೆಸ್ಕಾಂ ಕಚೇರಿಯಲ್ಲೊಂದು, ಪುರಾತತ್ವ ಇಲಾಖೆಯಲ್ಲೊಂದು ಇರಲಿ. ನಾಳೆ ಸಿಸಿಟಿವಿಗೋ ಇನ್ನೊಂದು ದೀಪಕ್ಕೋ ವೈರು ಬೇಕಾದಾಗ ಆ ಹಗ್ಗಕ್ಕೆ ಕಟ್ಟಿ ಎಳೆದುಕೊಂಡರಾಯಿತು, ಅಂಗಳಕ್ಕೆ ಜೆಸಿಬಿ ಕರೆಸುವ ಪ್ರಮೇಯವೇ ಬರುವುದಿಲ್ಲ.